ಒಂದು ಹೆಲ್ಮೆಟ್, ಮೂರು ಕಪಾಟು: ವೈದ್ಯಕೀಯ, ಕಾನೂನು, ಎಂಜಿನಿಯರಿಂಗ್ ಸಂಶೋಧನೆಯನ್ನು ಹುಡುಕಿ ಓದುವ ಬಗೆ

ಹೆಲ್ಮೆಟ್ ಹಾಕಿದರೆ ತಲೆ ಉಳಿದರೂ ಕತ್ತು ಮುರಿಯುತ್ತದೆ ಎಂದು ವಾದಿಸುವವರು ನಮ್ಮ ಪ್ರತಿ ಊರಿನ ಚಹಾದಂಗಡಿಯಲ್ಲೂ ಸಿಗುತ್ತಾರೆ. ಎಲ್ಲಿ ಓದಿದಿರಿ ಎಂದು ಕೇಳಿದರೆ "ರಿಸರ್ಚ್ ಆಗಿದೆ ಸ್ವಾಮಿ" ಅನ್ನುತ್ತಾರೆ. ಯಾರ ರಿಸರ್ಚ್, ಯಾವ ವರ್ಷದ್ದು, ಎಷ್ಟು ಗಾಯಾಳುಗಳನ್ನು ನೋಡಿ ಹೇಳಿದ್ದು ಎಂದು ಕೆದಕಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ವಿಚಿತ್ರವೆಂದರೆ, ಅಂಥ ಸಂಶೋಧನೆ ನಿಜಕ್ಕೂ ಇದೆ. 1986ರದ್ದು, ಬರೆದವರು ಅಮೆರಿಕದ ಒಬ್ಬ ಅರ್ಥಶಾಸ್ತ್ರಜ್ಞ. ಅದಕ್ಕೆ 2011ರಲ್ಲಿ ವೈದ್ಯರು ಕೊಟ್ಟ ಉತ್ತರವೂ ಇದೆ. ಎರಡರ ಸಾರಾಂಶವನ್ನೂ ಮೊಬೈಲಿನಲ್ಲೇ, ಕಾಸು ಖರ್ಚಿಲ್ಲದೆ ಹುಡುಕಿ ಓದಬಹುದು.

ಹಾಗೆ ಹುಡುಕಿ ಓದುವುದು ಹೇಗೆ ಎನ್ನುವುದೇ ಈ ಲೇಖನ. ಹೆಲ್ಮೆಟ್ಟನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದಕ್ಕೆ ಕಾರಣವಿದೆ. ವೈದ್ಯಕೀಯ, ಕಾನೂನು, ಎಂಜಿನಿಯರಿಂಗ್ ಮೂರೂ ಕಡೆ ಅದರ ಮೇಲೆ ದಶಕಗಳ ಕೆಲಸ ನಡೆದಿದೆ, ಮತ್ತು ಈ ಮೂರು ಕ್ಷೇತ್ರಗಳು "ಇದು ಸಾಬೀತಾಗಿದೆ" ಎಂದು ಹೇಳುವ ರೀತಿ ಒಂದಕ್ಕೊಂದು ಹೋಲುವುದೇ ಇಲ್ಲ. ವೈದ್ಯಕೀಯದಲ್ಲಿ ಸಾಕ್ಷ್ಯ ಸಿಗುವುದು ಜನರನ್ನು ಎಣಿಸಿ. ಕಾನೂನಿನಲ್ಲಿ ಅಧಿಕಾರವಿರುವವರು ಹೇಳಿದ್ದರಿಂದ, ಆ ಮಾತು ಇವತ್ತಿಗೂ ಊರ್ಜಿತವಾಗಿರುವುದರಿಂದ. ಎಂಜಿನಿಯರಿಂಗ್‌ನಲ್ಲಿ ನಿಗದಿತ ಪರಿಸ್ಥಿತಿಯಲ್ಲಿ ಅಳೆದು. ಒಂದರ ಅಳತೆಗೋಲು ಹಿಡಿದು ಇನ್ನೊಂದನ್ನು ಓದಿದರೆ ದಾರಿ ತಪ್ಪುತ್ತೇವೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತೀರ್ಪು ಓದುವಾಗ, ವಕೀಲರು ವೈದ್ಯಕೀಯ ಪೇಪರ್ ಓದುವಾಗ ಎಡವುವುದು ಬಹುತೇಕ ಇಲ್ಲೇ.

ಮೊದಲು ಪ್ರಶ್ನೆಯನ್ನು ಒಡೆಯಿರಿ

"ಹೆಲ್ಮೆಟ್ ಒಳ್ಳೆಯದೇ?" ಎಂದು ಹುಡುಕಿದರೆ ಏನೂ ಸಿಗುವುದಿಲ್ಲ, ಅಥವಾ ಎಲ್ಲವೂ ಸಿಗುತ್ತದೆ. ಎರಡೂ ಒಂದೇ. ಅದನ್ನು ಮೂರಾಗಿ ಒಡೆದು ನೋಡಿ. ಅಪಘಾತಕ್ಕೊಳಗಾದ ಸವಾರರಲ್ಲಿ ಹೆಲ್ಮೆಟ್ ಹಾಕಿದವರಿಗೆ ತಲೆಯ, ಕತ್ತಿನ ಗಾಯ ಎಷ್ಟು ಕಡಿಮೆ ಅಥವಾ ಜಾಸ್ತಿ? ಇದು ವೈದ್ಯರ ಪ್ರಶ್ನೆ. ಹೆಲ್ಮೆಟ್ ಇಲ್ಲದವನಿಗೆ ವಿಮಾ ಕಂಪನಿ ಪರಿಹಾರ ಕಡಿತ ಮಾಡಬಹುದೇ? ಇದು ವಕೀಲರದು. ಈ ಹೆಲ್ಮೆಟ್ ಎಷ್ಟು ಜೋರಿನ ಪೆಟ್ಟನ್ನು ಹೀರಿಕೊಳ್ಳುತ್ತದೆ? ಇದು ಎಂಜಿನಿಯರದು.

ಒಡೆದ ಮೇಲೆ ಇಂಗ್ಲಿಷ್ ಪದಗಳಿಗೆ ಬನ್ನಿ. ಇದು ಬೇಸರದ ಸಂಗತಿಯೇ, ಆದರೆ ಈ ಮೂರು ಕ್ಷೇತ್ರಗಳ ಮೂಲ ಬರಹಗಳು ಬಹುಪಾಲು ಇಂಗ್ಲಿಷಿನಲ್ಲೇ ಇವೆ. ಸಮಾಧಾನದ ವಿಷಯವೆಂದರೆ ಪೂರ್ತಿ ಓದಬೇಕಿಲ್ಲ. ಪೇಪರಿನ ಯಾವ ಭಾಗ ಏನು ಹೇಳುತ್ತದೆ ಎಂದು ಗೊತ್ತಿದ್ದರೆ ಕಾಲುಭಾಗ ಓದಿದರೂ ಸಾಕು. ಹುಡುಕುವಾಗ ಆಡುಮಾತಿನ ಪದ ಬಿಟ್ಟು ಆ ಕ್ಷೇತ್ರದವರ ಪದ ಹಾಕಿ. ಕತ್ತಿನ ಗಾಯಕ್ಕೆ ವೈದ್ಯರು ಬರೆಯುವುದು "ಸರ್ವೈಕಲ್ ಸ್ಪೈನ್ ಇಂಜುರಿ". ಹಿಂಬದಿ ಸವಾರನನ್ನು ಕೋರ್ಟ್ ಕರೆಯುವುದು "ಪಿಲಿಯನ್ ರೈಡರ್". ಪೆಟ್ಟು ಹೀರಿಕೊಳ್ಳುವುದಕ್ಕೆ ಎಂಜಿನಿಯರರ ಪದ "ಇಂಪ್ಯಾಕ್ಟ್ ಅಟೆನ್ಯುಯೇಶನ್".

ವೈದ್ಯಕೀಯದ ಕಪಾಟು: ಎಷ್ಟು ಜನ, ಯಾರ ಜೊತೆ ಹೋಲಿಕೆ?

ಶುರು ಮಾಡಬೇಕಾದ ಜಾಗ ಪಬ್‌ಮೆಡ್. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಉಚಿತ ಸೂಚಿ ಅದು. ಜಗತ್ತಿನ ವೈದ್ಯಕೀಯ ಜರ್ನಲ್‌ಗಳಲ್ಲಿ ಬಂದ ಕೋಟಿಗಟ್ಟಲೆ ಪೇಪರ್‌ಗಳ ವಿವರ, ಹೆಚ್ಚಿನವುಗಳ ಸಾರಾಂಶ ಸಮೇತ, ಅಲ್ಲಿದೆ. ಪದ ಹಾಕಿ ಒತ್ತಿದ ತಕ್ಷಣ ಸಾವಿರಾರು ಫಲಿತಾಂಶ ಬಂದರೆ ಗಾಬರಿಯಾಗಬೇಡಿ. ಎಡಗಡೆಯ ಪಟ್ಟಿಯಲ್ಲಿ "ಸಿಸ್ಟಮ್ಯಾಟಿಕ್ ರಿವ್ಯೂ" ಮತ್ತು "ಮೆಟಾ ಅನಾಲಿಸಿಸ್" ಎಂಬ ಎರಡು ಚೌಕಕ್ಕೆ ಟಿಕ್ ಹಾಕಿ. ಬಿಡಿ ಪೇಪರ್‌ಗಳನ್ನೆಲ್ಲ ಯಾರೋ ಆಗಲೇ ಕೂಡಿಸಿ, ಜರಡಿ ಹಿಡಿದು, ಒಟ್ಟು ಲೆಕ್ಕ ಹೇಳಿರುವ ಪೇಪರ್‌ಗಳು ಮಾತ್ರ ಉಳಿಯುತ್ತವೆ.

ಹೆಲ್ಮೆಟ್ಟಿನ ವಿಷಯದಲ್ಲಿ ಹಾಗೆ ಮೊದಲು ಕಣ್ಣಿಗೆ ಬೀಳಬೇಕಾದದ್ದು ವೈದ್ಯಕೀಯ ಅಧ್ಯಯನಗಳನ್ನು ಕೂಡಿಸಿ ವಿಮರ್ಶಿಸುವ ಕಾಕ್ರೇನ್ ಸಂಸ್ಥೆಯ 2008ರ ವಿಮರ್ಶೆ. 61 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಅಪಘಾತವಾದ ಸವಾರರಲ್ಲಿ ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು 42%, ತಲೆಯ ಗಾಯದ ಅಪಾಯವನ್ನು ಸುಮಾರು 69% ತಗ್ಗಿಸುತ್ತದೆ ಎಂದು ಕಂಡಿತು. ಕತ್ತಿನ ಗಾಯದ ಬಗ್ಗೆ? ಹೀಗೇ ಎಂದು ಹೇಳುವಷ್ಟು ಪುರಾವೆ ಇಲ್ಲ ಎಂದಿತು. ವಿಮರ್ಶೆ ಚೆನ್ನಾಗಿದೆ ಎನ್ನುವುದಕ್ಕೆ ಇದೇ ಗುರುತು: ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತದೆ.

ಈಗ ಆ 42% ಎಂಬ ಅಂಕಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಪತ್ರಿಕೆಗಳಲ್ಲಿ ಇದನ್ನು "ಹೆಲ್ಮೆಟ್ ಹಾಕಿದರೆ 100ರಲ್ಲಿ 42 ಜನ ಬದುಕುತ್ತಾರೆ" ಎಂದು ಬರೆದುಬಿಡುತ್ತಾರೆ. ಅದು ತಪ್ಪು. ಇದು ಹೋಲಿಕೆಯ ಅಂಕಿ. ಲೆಕ್ಕಕ್ಕಾಗಿ, ಹೆಲ್ಮೆಟ್ ಇಲ್ಲದೆ ಅಪಘಾತವಾದ 100 ಜನರಲ್ಲಿ 10 ಜನ ಸಾಯುತ್ತಾರೆ ಎಂದುಕೊಳ್ಳೋಣ. ಹೆಲ್ಮೆಟ್ ಇದ್ದಿದ್ದರೆ ಆ 10 ಸುಮಾರು 6 ಆಗುತ್ತಿತ್ತು. ಅಂದರೆ 100ರಲ್ಲಿ ನಾಲ್ಕು ಜೀವ. ಕಡಿಮೆಯಲ್ಲ, ಆದರೆ 42 ಅಲ್ಲ. ಯಾವುದೇ ಔಷಧಿ "ಅಪಾಯವನ್ನು ಅರ್ಧಕ್ಕಿಳಿಸುತ್ತದೆ" ಎಂದಾಗ, ಯಾವುದರ ಅರ್ಧ ಎಂದು ಕೇಳುವ ಅಭ್ಯಾಸ ಇಲ್ಲಿಂದಲೇ ಬರಬೇಕು. ಜೊತೆಗೆ, ಈ ಅಂಕಿ ಅಪಘಾತವಾದವರ ನಡುವಿನದು, ರಸ್ತೆಯ ಮೇಲಿನ ಎಲ್ಲ ಸವಾರರದ್ದಲ್ಲ.

ಇನ್ನು ಕತ್ತಿನ ಜಗಳಕ್ಕೆ ಬರೋಣ. 1986ರ ಪೇಪರ್ ಮೂರು ಮಾತು ಹೇಳಿತ್ತು: ಹೆಲ್ಮೆಟ್ಟಿನಿಂದ ಸಾವಿನ ಸಂಭವದಲ್ಲಿ ಗಣನೀಯ ವ್ಯತ್ಯಾಸವಿಲ್ಲ, ತಲೆಯ ಗಾಯದ ತೀವ್ರತೆ ಕಡಿಮೆಯಾಗುತ್ತದೆ, ಆದರೆ ಒಂದು ವೇಗ ದಾಟಿದ ಮೇಲೆ ಕತ್ತಿನ ಗಾಯದ ತೀವ್ರತೆ ಹೆಚ್ಚುತ್ತದೆ. ಅಂಗಡಿ ಚರ್ಚೆಗೆ ಮೂರನೆಯದು ಮಾತ್ರ ಬಂದಿದೆ, ಎರಡನೆಯದು ಬಂದಿಲ್ಲ. ಕಡ್ಡಾಯ ಹೆಲ್ಮೆಟ್ ವಿರೋಧಿಸುವವರು ಅಮೆರಿಕದಲ್ಲಿ ಈ ಪೇಪರನ್ನು ವರ್ಷಗಟ್ಟಲೆ ಹಿಡಿದು ತಿರುಗಿದರು. 2011ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ವೈದ್ಯರ ತಂಡ ಅಲ್ಲಿನ ರಾಷ್ಟ್ರೀಯ ಗಾಯಾಳು ದತ್ತಾಂಶದಿಂದ 40 ಸಾವಿರಕ್ಕೂ ಹೆಚ್ಚು ಸವಾರರ ದಾಖಲೆ ತೆಗೆದು ನೋಡಿತು. ಹೆಲ್ಮೆಟ್ ಹಾಕಿದವರಲ್ಲಿ ಕತ್ತಿನ ಮೂಳೆಯ ಗಾಯದ ಸಂಭವ ಜಾಸ್ತಿಯಾಗುವುದಿರಲಿ, 22% ಕಡಿಮೆಯೇ ಇತ್ತು.

ಹಾಗಾದರೆ ಮುಗಿಯಿತೇ? ಇಲ್ಲ. ಇಲ್ಲಿ "ಮೆಥಡ್ಸ್" ಎಂಬ ಭಾಗ ತೆರೆಯಬೇಕು. ವೈದ್ಯಕೀಯ ಪೇಪರಿನ ಸಾಮಾನ್ಯ ಕ್ರಮ ಹೀಗಿರುತ್ತದೆ: ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ. ಹೊಸಬರು ಪೀಠಿಕೆ ಮತ್ತು ಚರ್ಚೆ ಓದಿ ಮುಗಿಸುತ್ತಾರೆ, ಏಕೆಂದರೆ ಅವು ಕಥೆಯಂತೆ ಓದಿಸಿಕೊಳ್ಳುತ್ತವೆ. ನನ್ನ ಸಲಹೆ ಇದಕ್ಕೆ ತದ್ವಿರುದ್ಧ. ಸಾರಾಂಶವಾದ ಮೇಲೆ ನೇರವಾಗಿ ವಿಧಾನಕ್ಕೆ ಹೋಗಿ, ಆಮೇಲೆ ಮೊದಲ ಕೋಷ್ಟಕ, ಆಮೇಲೆ ಚರ್ಚೆಯ ಕೊನೆಯಲ್ಲಿ "ಲಿಮಿಟೇಶನ್ಸ್" ಎಂದಿರುವ ಪ್ಯಾರಾ. ಗಾಯಾಳು ದತ್ತಾಂಶದಲ್ಲಿ ಇರುವವರು ಆಸ್ಪತ್ರೆಗೆ ತಲುಪಿದವರು ಮಾತ್ರ. ಸ್ಥಳದಲ್ಲೇ ಸತ್ತವರು ಅದರಲ್ಲಿಲ್ಲ. ಬಿದ್ದು, ಎದ್ದು, ಬಟ್ಟೆ ಕೊಡವಿಕೊಂಡು ಮನೆಗೆ ಹೋದವರೂ ಇಲ್ಲ. ಹೆಲ್ಮೆಟ್ ಹಾಕುವವರು ಮೊದಲೇ ಜಾಗರೂಕರಾಗಿದ್ದು, ನಿಧಾನ ಓಡಿಸುವವರಾಗಿರಲೂಬಹುದು. ಚೀಟಿ ಎತ್ತಿ ಅರ್ಧ ಜನರಿಗೆ ಹೆಲ್ಮೆಟ್ ಕೊಟ್ಟು, ಅರ್ಧ ಜನರನ್ನು ಬರಿತಲೆಯಲ್ಲಿ ಬಿಟ್ಟು ಪ್ರಯೋಗ ಮಾಡುವಂತಿಲ್ಲವಲ್ಲ! ಆದ್ದರಿಂದ ಈ ವಿಷಯದಲ್ಲಿ ಸಿಗುವುದೆಲ್ಲ ಆದ ಘಟನೆಗಳನ್ನು ನೋಡಿ ಬರೆದ ಅಧ್ಯಯನಗಳೇ. ಹೊಸ ಔಷಧಿಯ ಪೇಪರಾದರೆ ಮಾತ್ರ ಚೀಟಿ ಎತ್ತಿದ ಪ್ರಯೋಗ ಕೇಳಿ. ಭಾರತದಲ್ಲಿ ನಡೆದ ಪ್ರಯೋಗವಾದರೆ ಸಿಟಿಆರ್‌ಐ ಎಂಬ ನೋಂದಣಿಯಲ್ಲಿ ಅದರ ಸಂಖ್ಯೆ ಇದೆಯೇ ನೋಡಿ. 2007ರಲ್ಲಿ ಶುರುವಾದ ಈ ನೋಂದಣಿ 2009ರ ಜೂನ್‌ನಿಂದ ಕಡ್ಡಾಯ. ಪ್ರಯೋಗಕ್ಕೆ ಮುಂಚೆ ಏನನ್ನು ಅಳೆಯುತ್ತೇವೆ ಎಂದಿದ್ದರು, ಮುಗಿದ ಮೇಲೆ ಏನನ್ನು ಪ್ರಕಟಿಸಿದರು ಎಂದು ಹೋಲಿಸಬಹುದು. ಎರಡೂ ಬೇರೆಯಾಗಿದ್ದರೆ ಹುಬ್ಬೇರಿಸಿ.

ಕಪಾಟು ಮುಚ್ಚುವ ಮುನ್ನ ಒಂದು ಕಡೆಯ ತಪಾಸಣೆ. ಪೇಪರನ್ನು ಹಿಂತೆಗೆದುಕೊಂಡಿದ್ದಾರೆಯೇ? ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿದ ಪೇಪರ್ 1998ರಲ್ಲಿ "ಲ್ಯಾನ್ಸೆಟ್" ಜರ್ನಲ್‌ನಲ್ಲಿ ಬಂದದ್ದು 12 ಮಕ್ಕಳನ್ನು ಆಧರಿಸಿ. 2010ರಲ್ಲಿ ಜರ್ನಲ್ಲೇ ಅದನ್ನು ವಾಪಸ್ ಪಡೆಯಿತು. ಈಗಲೂ ಅದು ವಾಟ್ಸಾಪ್‌ನಲ್ಲಿ ಓಡಾಡುತ್ತಲೇ ಇದೆ. ಪಬ್‌ಮೆಡ್‌ನಲ್ಲಿ ಅಂಥ ಪೇಪರ್ ತೆರೆದರೆ ಮೇಲ್ಗಡೆಯೇ ಸೂಚನೆ ಕಾಣುತ್ತದೆ.

ಒಂದು ಹಳೆಯ ಪೇಪರಿನ ಮಾತು ಇಲ್ಲಿ ಹೇಳಲೇಬೇಕು. 1935ರ ಮೇ ತಿಂಗಳಲ್ಲಿ "ಲಾರೆನ್ಸ್ ಆಫ್ ಅರೇಬಿಯಾ" ಎಂದು ಹೆಸರಾದ ಟಿ.ಇ. ಲಾರೆನ್ಸ್ ಬೈಕಿನಿಂದ ಬಿದ್ದು, ಆರು ದಿನ ಪ್ರಜ್ಞೆಯಿಲ್ಲದೆ ಮಲಗಿ ತೀರಿಕೊಂಡರು. ನೋಡಲು ಬಂದ ವೈದ್ಯರಲ್ಲಿ ನರಶಸ್ತ್ರಜ್ಞ ಹ್ಯೂ ಕೇರ್ನ್ಸ್ ಒಬ್ಬರು. ಅವರು 1941ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬೈಕ್ ಸವಾರರ ತಲೆಗಾಯದ ಬಗ್ಗೆ ಬರೆದಾಗ, ಹೆಲ್ಮೆಟ್ ಹಾಕಿದ್ದ ಗಾಯಾಳುಗಳು ಅವರ ಕೈಗೆ ಸಿಕ್ಕಿದ್ದು ಏಳೇ ಏಳು. ಏಳೂ ಜನ ಬದುಕಿದ್ದರು. ಇಂದಿನ ಲೆಕ್ಕದಲ್ಲಿ ಏಳು ಅಂದರೆ ಏನೂ ಅಲ್ಲ. ಆದರೂ ಅದೇ ವರ್ಷ ಬ್ರಿಟಿಷ್ ಸೇನೆ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ನಾಗರಿಕರಿಗೆ ಕಡ್ಡಾಯವಾಗಿದ್ದು 1973ರಲ್ಲಿ. ಪುರಾವೆಗೂ ಕಾನೂನಿಗೂ ನಡುವಿನ ದೂರ ಎಷ್ಟಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಸೇನೆಗೆ ಏಳು ಸಾಕಾಯಿತು, ಸಂಸತ್ತಿಗೆ ಮೂರು ದಶಕ ಬೇಕಾಯಿತು.

ಕಾನೂನಿನ ಕಪಾಟು: ಯಾರು ಹೇಳಿದ್ದು, ಇನ್ನೂ ಊರ್ಜಿತವೇ?

ಇಲ್ಲಿ ಎಣಿಕೆ ಕೆಲಸಕ್ಕೆ ಬರುವುದಿಲ್ಲ. ಹೈಕೋರ್ಟಿನ ಐವತ್ತು ತೀರ್ಪು ಒಂದು ಕಡೆಯಿದ್ದರೂ ಸುಪ್ರೀಂ ಕೋರ್ಟಿನ ಒಂದು ತೀರ್ಪು ಇನ್ನೊಂದು ಕಡೆಯಿದ್ದರೆ ಆ ಒಂದೇ ಗೆಲ್ಲುತ್ತದೆ. ಸುಪ್ರೀಂ ಕೋರ್ಟ್ ಸಾರಿದ ಕಾನೂನು ದೇಶದ ಎಲ್ಲ ನ್ಯಾಯಾಲಯಗಳಿಗೂ ಕಟ್ಟುಪಾಡು ಎನ್ನುವುದು ಸಂವಿಧಾನದ 141ನೇ ವಿಧಿ. ಆದ್ದರಿಂದ ಓದುವ ಕ್ರಮ ಮೇಲಿನಿಂದ ಕೆಳಗೆ: ಕಾಯ್ದೆ, ಅದರಡಿಯ ನಿಯಮ, ರಾಜ್ಯದ ಅಧಿಸೂಚನೆ, ನಂತರ ತೀರ್ಪು, ಕೊನೆಗೆ ಪ್ರಾಧ್ಯಾಪಕರ ಲೇಖನ.

ಕಾಯ್ದೆಯನ್ನು ಗೂಗಲ್‌ನಲ್ಲಿ ಸಿಕ್ಕ ಯಾವುದೋ ಪಿಡಿಎಫ್‌ನಿಂದ ಓದಬೇಡಿ, "ಇಂಡಿಯಾ ಕೋಡ್" ಎಂಬ ಸರ್ಕಾರಿ ತಾಣದಿಂದ ಓದಿ. ತಿದ್ದುಪಡಿಗಳು ಅಲ್ಲಿ ಸೇರಿರುತ್ತವೆ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 129 ಹೆಲ್ಮೆಟ್ಟಿನದು. 2019ರ ತಿದ್ದುಪಡಿ ಅದನ್ನು ಹೊಸದಾಗಿ ಬರೆದು, ನಾಲ್ಕು ವರ್ಷ ಮೀರಿದವರೆಲ್ಲ ಹಾಕಬೇಕು ಎಂದಿತು. ಪೇಟ ಧರಿಸುವ ಸಿಖ್ಖರಿಗೆ ವಿನಾಯಿತಿ. ದಂಡದ ಸೆಕ್ಷನ್ 194ಡಿ: ಸಾವಿರ ರೂಪಾಯಿ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ. ಹಾಗಾದರೆ ಬೆಂಗಳೂರಿನಲ್ಲಿ ಪೊಲೀಸರು 500 ರೂಪಾಯಿ ಚಲನ್ ಹರಿಯುವುದೇಕೆ? ಸ್ಥಳದಲ್ಲೇ ರಾಜಿ ದಂಡ ಎಷ್ಟೆಂದು ನಿಗದಿ ಮಾಡುವ ಅಧಿಕಾರವನ್ನು ಸೆಕ್ಷನ್ 200 ರಾಜ್ಯಗಳಿಗೆ ಕೊಟ್ಟಿದೆ. ಕರ್ನಾಟಕ 2019ರ ಸೆಪ್ಟೆಂಬರ್‌ನಲ್ಲಿ ಅಧಿಸೂಚನೆ ಹೊರಡಿಸಿ ಹೆಲ್ಮೆಟ್ ದಂಡವನ್ನು ಇಳಿಸಿತು. ಕಾಯ್ದೆಯನ್ನಷ್ಟೇ ಓದಿ ಲೇಖನ ಬರೆದವರಿಗೆ ಈ 500 ಕಾಣುವುದೇ ಇಲ್ಲ.

ತೀರ್ಪುಗಳಿಗೆ ಈಗ ಬರಗಾಲವಿಲ್ಲ. ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ "ಇ-ಎಸ್‌ಸಿಆರ್" ತೆರೆದು ತನ್ನ ವರದಿಯಾದ ತೀರ್ಪುಗಳನ್ನು ಉಚಿತ ಮಾಡಿತು. 2008ರಿಂದ ಇರುವ "ಇಂಡಿಯನ್ ಕಾನೂನ್" ತಾಣ ಹೈಕೋರ್ಟುಗಳನ್ನೂ ಸೇರಿಸಿ ಹುಡುಕಿಕೊಡುತ್ತದೆ. ನಮ್ಮ ಹೈಕೋರ್ಟಿನ ಇತ್ತೀಚಿನ ತೀರ್ಪಾದರೆ ಮೇಲ್ತುದಿಯಲ್ಲಿ "ಎನ್‌ಸಿ" ಎಂದು ಶುರುವಾಗುವ ಒಂದು ಸಂಖ್ಯೆ ಇರುತ್ತದೆ. ಅದರಲ್ಲಿ ವರ್ಷ, ಆಮೇಲೆ "ಕೆಎಚ್‌ಸಿ", ಆಮೇಲೆ ಕ್ರಮಸಂಖ್ಯೆ. ಕೆಎಚ್‌ಸಿ ಪಕ್ಕದಲ್ಲಿ "ಡಿ" ಇದ್ದರೆ ಧಾರವಾಡ ಪೀಠ, "ಕೆ" ಇದ್ದರೆ ಕಲಬುರಗಿ. ಖಾಸಗಿ ಪ್ರಕಾಶಕರ ಪುಸ್ತಕ ಕೊಳ್ಳದೆಯೂ ತೀರ್ಪನ್ನು ಉಲ್ಲೇಖಿಸಲು ಈ ಸಂಖ್ಯೆ ಸಾಕು.

ಈಗ ನಮ್ಮ ಪರಿಹಾರದ ಪ್ರಶ್ನೆ. ಇದಕ್ಕೆ ಹತ್ತಿರವಾದ ಸುಪ್ರೀಂ ಕೋರ್ಟ್ ತೀರ್ಪು ಮೊಹಮ್ಮದ್ ಸಿದ್ದಿಕ್ ವಿರುದ್ಧ ನ್ಯಾಷನಲ್ ಇನ್ಶುರೆನ್ಸ್, 2020ರ ಜನವರಿಯದು. ಒಂದು ಬೈಕಿನಲ್ಲಿ ಮೂವರು ಹೋಗುತ್ತಿದ್ದರು. ಹಿಂದಿನಿಂದ ಕಾರು ಗುದ್ದಿ ಒಬ್ಬರು ಸತ್ತರು. ಮೂವರು ಕೂತಿದ್ದೇ ತಪ್ಪು ಎಂದು ಹೈಕೋರ್ಟ್ ಪರಿಹಾರದಲ್ಲಿ 10% ಕಡಿತ ಮಾಡಿತ್ತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮೂವರು ಕೂರುವುದು ಕಾಯ್ದೆಯ ಉಲ್ಲಂಘನೆ ಹೌದು, ಆದರೆ ಆ ಉಲ್ಲಂಘನೆಯಿಂದಲೇ ಅಪಘಾತವಾಯಿತು ಅಥವಾ ಪೆಟ್ಟು ಹೆಚ್ಚಾಯಿತು ಎಂದು ತೋರಿಸದ ಹೊರತು, ಸತ್ತವರ ಪಾಲಿನ ನಿರ್ಲಕ್ಷ್ಯ ಎಂದು ಹಣ ಕಡಿಯುವಂತಿಲ್ಲ ಎಂದಿತು.

ಇದನ್ನು ಹಿಡಿದು "ಹೆಲ್ಮೆಟ್ ಇಲ್ಲದಿದ್ದರೂ ಪೂರ್ತಿ ಪರಿಹಾರ, ಸುಪ್ರೀಂ ತೀರ್ಪು" ಎಂದು ಶೀರ್ಷಿಕೆ ಕೊಡಬಹುದೇ? ಕೊಡಬಾರದು. ತೀರ್ಪು ಮೂವರ ಸವಾರಿಯದು, ಹೆಲ್ಮೆಟ್ಟಿನದಲ್ಲ. ಅದರೊಳಗಿನ ತರ್ಕವನ್ನು, ಅಂದರೆ ಉಲ್ಲಂಘನೆಗೂ ಗಾಯಕ್ಕೂ ಕಾರಣ ಸಂಬಂಧ ಇರಬೇಕು ಎಂಬುದನ್ನು, ಹೆಲ್ಮೆಟ್ಟಿಗೆ ವಿಸ್ತರಿಸಿ ವಕೀಲರು ವಾದಿಸಬಹುದು. ಕಾಲು ಮುರಿದವನಿಗೆ ಹೆಲ್ಮೆಟ್ ಯಾಕೆ ಹಾಕಲಿಲ್ಲ ಎಂದು ಕೇಳಿ ಪ್ರಯೋಜನವಿಲ್ಲ. ತಲೆಗೇ ಪೆಟ್ಟಾಗಿದ್ದರೆ ವಿಮಾ ಕಂಪನಿಯ ವಕೀಲರು ಇದೇ ತರ್ಕವನ್ನು ತಿರುಗಿಸಿ ಹಿಡಿಯುತ್ತಾರೆ. ಆಗ ಮೊದಲ ಕಪಾಟಿನ ವೈದ್ಯಕೀಯ ಪೇಪರ್‌ಗಳು ಎರಡನೆಯದಕ್ಕೆ ಬರುತ್ತವೆ.

ತೀರ್ಪು ಓದುವಾಗ ಒಂದು ಎಚ್ಚರ. ಮೊದಲ ಪುಟಗಳಲ್ಲಿ ಎರಡೂ ಕಡೆಯ ವಕೀಲರ ವಾದ ಇರುತ್ತದೆ, ಎಷ್ಟೋ ಸಲ ಪುಟಗಟ್ಟಲೆ. ವಕೀಲರು ವಾದಿಸಿದ ಸಾಲನ್ನೇ "ಕೋರ್ಟ್ ಹೇಳಿತು" ಎಂದು ಅಚ್ಚು ಹಾಕಿದ ಸುದ್ದಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಸಂಗತಿ ಏನು, ಪ್ರಶ್ನೆ ಏನು ಎಂದು ಗುರುತು ಹಾಕಿಕೊಂಡು, ಪೀಠದ ಸ್ವಂತ ಮಾತು ಎಲ್ಲಿ ಶುರುವಾಗುತ್ತದೆ ಎಂದು ಹುಡುಕಿ. ಅದರಲ್ಲೂ ನಿರ್ಣಯಕ್ಕೆ ಅಗತ್ಯವಾಗಿದ್ದ ತರ್ಕಕ್ಕೆ ಮಾತ್ರ ಕಟ್ಟುಪಾಡಿನ ಬಲ. ನ್ಯಾಯಮೂರ್ತಿಗಳು ಮಾತಿನ ಓಘದಲ್ಲಿ ಹೇಳಿದ ಉಳಿದ ಮಾತಿಗೆ ಗೌರವವಿದೆ, ಆ ಬಲವಿಲ್ಲ. ತೀರ್ಪಿನ ನೆತ್ತಿಯ ಮೇಲಿನ ಸಾರಾಂಶ ಸಂಪಾದಕರದು, ನ್ಯಾಯಾಲಯದ್ದಲ್ಲ. ಅದನ್ನು ಉಲ್ಲೇಖಿಸಬೇಡಿ. ಪೀಠದಲ್ಲಿ ಎಷ್ಟು ಜನ ಇದ್ದರು ಎಂದೂ ಬರೆದುಕೊಳ್ಳಿ. ಇಬ್ಬರ ಪೀಠ ಹೇಳಿದ್ದನ್ನು ಮೂವರ ಪೀಠ ಅಳಿಸಬಹುದು.

ಹಳೆಯ ತೀರ್ಪಾದರೆ ಅದು ಯಾವ ಕಾಯ್ದೆಯ ಕಾಲದ್ದು ಎಂದು ನೋಡಿ. ಹೆಲ್ಮೆಟ್ ಕಡ್ಡಾಯ ಮಾಡುವುದು ಸಂಚಾರ ಸ್ವಾತಂತ್ರ್ಯಕ್ಕೆ ಅಡ್ಡಿ ಎಂಬ ವಾದವನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 1988ರ ಅಜಯ್ ಕಾನು ಪ್ರಕರಣದಲ್ಲಿ. ಅಲ್ಲಿ ಪ್ರಶ್ನೆಯಾಗಿದ್ದದ್ದು ಆಂಧ್ರಪ್ರದೇಶದ 1964ರ ನಿಯಮ. ಈಗಿನ ಕಾಯ್ದೆ ಜಾರಿಗೆ ಬಂದದ್ದು 1989ರಲ್ಲಿ. ತರ್ಕ ಉಳಿದಿದೆ, ನಿಯಮದ ಸಂಖ್ಯೆ ಉಳಿದಿಲ್ಲ.

ಕಾನೂನು ಜರ್ನಲ್‌ಗಳ ಬಗ್ಗೆ ಎರಡೇ ಮಾತು. ಅಮೆರಿಕದ ಹೆಸರಾಂತ ಲಾ ರಿವ್ಯೂಗಳಲ್ಲಿ ಹೆಚ್ಚಿನವನ್ನು ಸಂಪಾದಿಸುವವರು ಪ್ರಾಧ್ಯಾಪಕರಲ್ಲ, ವಿದ್ಯಾರ್ಥಿಗಳು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ವಿಮರ್ಶಾ ಜರ್ನಲ್ಲೂ ಹಾಗೇ. ವೈದ್ಯಕೀಯದವರಿಗೆ ಇದು ಆಶ್ಚರ್ಯ ತರುತ್ತದೆ, ಆದರೆ ಆ ಲೇಖನಗಳ ಬಲ ಅಡಿಟಿಪ್ಪಣಿಗಳಲ್ಲಿದೆ. ಹೊಸ ವಿಷಯ ಹಿಡಿದಾಗ ಒಂದು ಒಳ್ಳೆಯ ಲೇಖನದ ಅಡಿಟಿಪ್ಪಣಿ ಹಿಡಿದು ಹೊರಟರೆ ಅರ್ಧ ಕೆಲಸ ಮುಗಿದಂತೆ. ಕಾನೂನು ಆಯೋಗದ ವರದಿಗಳು ಉಚಿತ, ಭಾಷೆಯೂ ಸರಳ.

ಎಂಜಿನಿಯರಿಂಗ್ ಕಪಾಟು: ಯಾವ ಪರಿಸ್ಥಿತಿಯಲ್ಲಿ ಅಳೆದದ್ದು?

ಇಲ್ಲಿ ಜರ್ನಲ್ ಮಾತ್ರ ನೋಡಿದರೆ ಅರ್ಧ ಸಾಹಿತ್ಯ ತಪ್ಪಿಹೋಗುತ್ತದೆ. ಸಮ್ಮೇಳನದಲ್ಲಿ ಮಂಡಿಸಿದ ಪೇಪರ್, ಪೇಟೆಂಟ್, ತಾಂತ್ರಿಕ ವರದಿ, ಎಲ್ಲಕ್ಕಿಂತ ಮುಖ್ಯವಾಗಿ ಮಾನಕ ಅಂದರೆ ಸ್ಟ್ಯಾಂಡರ್ಡ್, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ವೈದ್ಯಕೀಯದಲ್ಲಿ ಸಮ್ಮೇಳನದ ಸಾರಾಂಶ ಅಂದರೆ ಇನ್ನೂ ಬೇಯದ ಅಡುಗೆ. ಕಂಪ್ಯೂಟರ್ ಸೈನ್ಸ್‌ನಂಥ ವಿಭಾಗದಲ್ಲಿ ದೊಡ್ಡ ಸಮ್ಮೇಳನದ ಪೇಪರೇ ಪೂರ್ಣ ಪ್ರಕಟಣೆ. ಗಾಯದ ಯಾಂತ್ರಿಕತೆಗೆ ಸಂಬಂಧಿಸಿದ ಐಆರ್‌ಸಿಒಬಿಐ ಸಮ್ಮೇಳನದ ಪೇಪರ್‌ಗಳು ಉಚಿತವಾಗಿ ಸಿಗುತ್ತವೆ, ಹೆಲ್ಮೆಟ್ಟಿನ ಮೇಲೆ ಬೇಕಾದಷ್ಟಿವೆ. ದೆಹಲಿ ಐಐಟಿಯಲ್ಲಿ ದಿನೇಶ್ ಮೋಹನ್ ಕಟ್ಟಿದ ರಸ್ತೆ ಸುರಕ್ಷತೆಯ ಸಂಶೋಧನಾ ಕೇಂದ್ರದ ಕೆಲಸ ನಮ್ಮ ರಸ್ತೆಗೆ ಹತ್ತಿರದ್ದು. ಬೆಂಗಳೂರಿನಿಂದಲೇ ಹೊರಡುವ ಭಾರತೀಯ ವಿಜ್ಞಾನ ಅಕಾಡೆಮಿಯ "ಸಾಧನಾ" ಎಂಜಿನಿಯರಿಂಗ್‌ಗೆ ಮೀಸಲಾದ ಜರ್ನಲ್.

ಮಾನಕವೊಂದನ್ನು ಹತ್ತಿರದಿಂದ ನೋಡೋಣ. ಈಗಿನ 22.06ಕ್ಕೆ ಮುಂಚೆ ಯುರೋಪಿನಲ್ಲಿದ್ದ ಇಸಿಇ 22.05 ಎಂಬ ಹೆಲ್ಮೆಟ್ ನಿಯಮ ಹೀಗಿತ್ತು: ಲೋಹದ ತಲೆಯಾಕೃತಿಗೆ ಹೆಲ್ಮೆಟ್ ಹಾಕಿ ಉಕ್ಕಿನ ಪೀಠದ ಮೇಲೆ ಬೀಳಿಸುತ್ತಿದ್ದರು. ಒಂದು ಪೀಠ ಚಪ್ಪಟೆ, ಇನ್ನೊಂದು ಫುಟ್‌ಪಾತಿನ ಅಂಚಿನ ಆಕಾರ. ಅಪ್ಪಳಿಸುವ ವೇಗ ಸೆಕೆಂಡಿಗೆ 7.5 ಮೀಟರ್. ತಲೆಯಾಕೃತಿಯೊಳಗಿನ ಮಾಪಕ 275 ಜಿ ದಾಟುವಂತಿರಲಿಲ್ಲ, ಅಂದರೆ ಗುರುತ್ವದ 275 ಪಟ್ಟು.

7.5 ಮೀಟರ್ ಅಂದರೆ ಗಂಟೆಗೆ 27 ಕಿ.ಮೀ. ಇಷ್ಟೇನಾ, ನಾನು 60ರಲ್ಲಿ ಓಡಿಸುತ್ತೇನಲ್ಲ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. 27 ಕಿ.ಮೀ. ಎಂದರೆ ಸುಮಾರು 2.9 ಮೀಟರ್ ಎತ್ತರದಿಂದ ಬಿದ್ದ ವೇಗ. ಸೀಟಿನಲ್ಲಿ ಕೂತವನ ತಲೆ ಇರುವುದು ಅದರ ಅರ್ಧದಷ್ಟು ಎತ್ತರದಲ್ಲಿ. ಜಾರಿ ಬಿದ್ದಾಗ ತಲೆ ನೆಲಕ್ಕೆ ಲಂಬವಾಗಿ ಬಡಿಯುವ ವೇಗ ಬಹುಮಟ್ಟಿಗೆ ಈ ಎತ್ತರದಿಂದ ಬರುತ್ತದೆ, ಮುಂದಿನ ವೇಗ ರಸ್ತೆಯ ಮೇಲೆ ಉಜ್ಜುತ್ತಾ ಕಳೆಯುತ್ತದೆ. ಕಂಬಕ್ಕೋ ಲಾರಿಗೋ ನೇರ ಗುದ್ದಿದರೆ ಈ ಲೆಕ್ಕ ನಡೆಯುವುದಿಲ್ಲ. ಪರೀಕ್ಷೆ ಏನನ್ನು ಅಳೆದಿದೆ, ಏನನ್ನು ಅಳೆದಿಲ್ಲ ಎನ್ನುವುದನ್ನು ಹೀಗೆ ಬಿಡಿಸಿಕೊಳ್ಳುವುದೇ ಎಂಜಿನಿಯರಿಂಗ್ ಪೇಪರ್ ಓದುವ ವಿದ್ಯೆ.

ಇನ್ನೊಂದು ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಿ. ಅದೇ ವೇಗದ ತಲೆ 3 ಸೆಂ.ಮೀ. ಕುಸಿಯುತ್ತಾ ನಿಂತರೆ ಸರಾಸರಿ ಆಘಾತ ಸುಮಾರು 95 ಜಿ. ಅರ್ಧ ಸೆಂ.ಮೀ.ನಲ್ಲಿ ನಿಂತರೆ ಸುಮಾರು 570 ಜಿ. ಹೆಲ್ಮೆಟ್ಟಿನೊಳಗಿನ ಥರ್ಮಾಕೋಲಿನ ಕೆಲಸವೇ ಆ ಎರಡು ಮೂರು ಸೆಂಟಿಮೀಟರ್ ಕೊಡುವುದು. ಒಮ್ಮೆ ಕುಸಿದರೆ ಅದು ಮತ್ತೆ ಉಬ್ಬುವುದಿಲ್ಲ, ಆದ್ದರಿಂದಲೇ ಜೋರು ಪೆಟ್ಟು ತಿಂದ ಹೆಲ್ಮೆಟ್ಟನ್ನು ಬದಲಿಸಬೇಕು. ಸಿಗ್ನಲ್ ಪಕ್ಕದಲ್ಲಿ ಮಾರುವ, ಒಳಗೆ ಬರೀ ಬಟ್ಟೆ ಅಂಟಿಸಿದ ಪ್ಲಾಸ್ಟಿಕ್ ಟೊಪ್ಪಿಯಲ್ಲಿ ಈ ಸೆಂಟಿಮೀಟರುಗಳೇ ಇಲ್ಲ.

ಎಂಜಿನಿಯರಿಂಗ್ ಪೇಪರ್ ಕೈಗೆ ಬಂದರೆ ಹೀಗೆ ಕೇಳಿ. ಎಷ್ಟು ಮಾದರಿ ಪರೀಕ್ಷಿಸಿದರು? ಮೂರೋ ನಾಲ್ಕೋ ಇದ್ದರೂ ಇಲ್ಲಿ ತಪ್ಪೇನಲ್ಲ, ಏಕೆಂದರೆ ಕಾರ್ಖಾನೆಯ ಹೆಲ್ಮೆಟ್ಟುಗಳು ಮನುಷ್ಯರಷ್ಟು ಒಬ್ಬರಿಂದೊಬ್ಬರು ಬೇರೆಯಾಗಿರುವುದಿಲ್ಲ. ಕಂಪ್ಯೂಟರ್ ಸಿಮ್ಯುಲೇಶನ್ ಮಾತ್ರವೇ, ಅಥವಾ ಅದನ್ನು ನಿಜವಾದ ಪರೀಕ್ಷೆಯ ಜೊತೆ ಹೋಲಿಸಿ ತಾಳೆ ನೋಡಿದ್ದಾರೆಯೇ? ಬಣ್ಣಬಣ್ಣದ ಒತ್ತಡ ಚಿತ್ರ ಕೊಟ್ಟು, ತಾಳೆ ನೋಡಿದ ಒಂದು ಗ್ರಾಫೂ ಇಲ್ಲದ ಪೇಪರುಗಳು ಹೇರಳ. ಹಣ ಕೊಟ್ಟವರು ಯಾರು? ಪೇಟೆಂಟ್ ಆಗಿದ್ದರೆ ಅದು ಹೊಸತು ಎಂದು ಒಪ್ಪಿದ್ದಾರೆ, ಮಾರುಕಟ್ಟೆಯಲ್ಲಿ ಉಳಿದೆಲ್ಲದಕ್ಕಿಂತ ಒಳ್ಳೆಯದು ಎಂದು ಯಾರೂ ಹೇಳಿಲ್ಲ.

ಮಾನಕಗಳು ಸಂಶೋಧನೆಗಿಂತ ಹಿಂದೆ ಓಡುತ್ತವೆ ಎಂಬುದನ್ನೂ ಮರೆಯಬೇಡಿ. ಕೇರ್ನ್ಸ್ ಜೊತೆ ಆಕ್ಸ್‌ಫರ್ಡಿನಲ್ಲಿ ಕೆಲಸ ಮಾಡಿದ ಭೌತವಿಜ್ಞಾನಿ ಹೋಲ್ಬರ್ನ್, ಜೆಲಾಟಿನ್‌ನಿಂದ ಮಿದುಳಿನ ಮಾದರಿ ಮಾಡಿ, ತಲೆ ಗಿರ್ರನೆ ತಿರುಗುವುದೇ ಮಿದುಳಿಗೆ ಹೆಚ್ಚು ಹಾನಿ ಎಂದು 1943ರಲ್ಲೇ ಬರೆದರು. ಆ ತಿರುಗುವಿಕೆಯನ್ನು ತಲೆಯಾಕೃತಿಯಲ್ಲಿ ಅಳೆಯುವ ಪರೀಕ್ಷೆ ಯುರೋಪಿನ ನಿಯಮಕ್ಕೆ ಬಂದದ್ದು 2021ರಲ್ಲಿ ಜಾರಿಯಾದ 22.06ರಲ್ಲಿ. ಹೆಚ್ಚುಕಡಿಮೆ ಎಂಬತ್ತು ವರ್ಷ.

ನಮ್ಮ ಮಾನಕ ಐಎಸ್ 4151. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ ತಯಾರಿಸುವಂತಿಲ್ಲ, ಮಾರುವಂತಿಲ್ಲ. ಭಾರತೀಯ ಮಾನಕ ಬ್ಯೂರೋ ಅಂದರೆ ಬಿಐಎಸ್‌ನ ತಾಣದಲ್ಲಿ ಖಾತೆ ತೆರೆದು ಮಾನಕವನ್ನು ಓದಬಹುದು. "ಬಿಐಎಸ್ ಕೇರ್" ಆ್ಯಪ್‌ನಲ್ಲಿ ಹೆಲ್ಮೆಟ್ಟಿನ ಮೇಲಿನ "ಸಿಎಂ/ಎಲ್" ಸಂಖ್ಯೆ ಹಾಕಿದರೆ ಆ ಪರವಾನಗಿ ಯಾವ ತಯಾರಕರದು, ಚಾಲ್ತಿಯಲ್ಲಿದೆಯೇ ಎಂದು ತೋರಿಸುತ್ತದೆ. ಅಂಗಡಿಯವನ ಎದುರೇ ಮಾಡಿ ನೋಡಿ, ಬೆಲೆ ಮಾತಾಡುವ ಧಾಟಿಯೇ ಬದಲಾಗುತ್ತದೆ.

ಪೂರ್ತಿ ಪೇಪರ್ ಬೇಕೆಂದರೆ

ಸಾರಾಂಶ ಸಿಕ್ಕಿತು, ಮುಂದೆ "ಖರೀದಿಸಿ, ಮೂವತ್ತು ಡಾಲರ್" ಎಂಬ ಗೋಡೆ ಎದುರಾಯಿತು. ದುಡ್ಡು ಕೊಡಬೇಡಿ. ಪೇಪರಿನ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿ, "ಆಲ್ ವರ್ಶನ್ಸ್" ಒತ್ತಿ. ಲೇಖಕರ ವಿಶ್ವವಿದ್ಯಾಲಯದ ಪುಟದಲ್ಲಿ ಉಚಿತ ಪ್ರತಿ ಇರುವುದು ಸಾಮಾನ್ಯ. ಬ್ರೌಸರಿಗೆ "ಅನ್‌ಪೇವಾಲ್" ಸೇರಿಸಿಕೊಂಡರೆ ಅದೇ ಹುಡುಕಿಕೊಡುತ್ತದೆ. ವೈದ್ಯಕೀಯಕ್ಕೆ ಪಬ್‌ಮೆಡ್ ಸೆಂಟ್ರಲ್ ಇದೆ. ಪಿಎಚ್‌.ಡಿ. ಪ್ರಬಂಧಗಳಿಗೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ. ಅಲ್ಲಿ ಕನ್ನಡದಲ್ಲೇ ಬರೆದ ಪ್ರಬಂಧಗಳೂ ಇವೆ, ಕಾನೂನಿನವು ಇಂಗ್ಲಿಷಿನಲ್ಲಿ ರಾಶಿ ರಾಶಿ.

ಸರ್ಕಾರಿ ಕಾಲೇಜಿನವರಾದರೆ ನಿಮ್ಮ ಕೈಯಲ್ಲಿ ಈಗ ದೊಡ್ಡ ಬೀಗದಕೈ ಇದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ "ಒಂದು ರಾಷ್ಟ್ರ ಒಂದು ಚಂದಾ" ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13 ಸಾವಿರ ಜರ್ನಲ್‌ಗಳು 6,300ಕ್ಕೂ ಹೆಚ್ಚು ಸಂಸ್ಥೆಗಳಿಗೆ ತೆರೆದಿವೆ. ಮೂರು ವರ್ಷಕ್ಕೆ 6 ಸಾವಿರ ಕೋಟಿ ರೂಪಾಯಿ. ಕೇಂದ್ರ, ರಾಜ್ಯ ಸರ್ಕಾರಗಳ ವಿಶ್ವವಿದ್ಯಾಲಯ ಮತ್ತು ಕಾಲೇಜುಗಳು ಇದರಲ್ಲಿ ಬರುತ್ತವೆ. ಎಷ್ಟೋ ಕಾಲೇಜುಗಳಲ್ಲಿ ಗ್ರಂಥಪಾಲಕರಿಗೆ ಬಿಟ್ಟು ಬೇರಾರಿಗೂ ಇದು ತಿಳಿದಿಲ್ಲ, ಆದ್ದರಿಂದ ಅವರನ್ನೇ ಕೇಳಿ. ಯಾವ ಕಾಲೇಜಿಗೂ ಸೇರದವರು ಪರಿಚಯದ ಅಧ್ಯಾಪಕರ ಮೂಲಕ ಗ್ರಂಥಾಲಯದಲ್ಲಿ ಕೂತು ಓದಲು ಅನುಮತಿ ಕೇಳಬಹುದು.

ಯಾವುದೂ ಆಗದಿದ್ದರೆ ಲೇಖಕರಿಗೇ ಮೇಲ್ ಮಾಡಿ. ವಿಳಾಸ ಪೇಪರಿನ ಮೊದಲ ಪುಟದಲ್ಲಿರುತ್ತದೆ. ನೀವು ಯಾರು, ಪೇಪರ್ ಏಕೆ ಬೇಕು ಎಂದು ನಾಲ್ಕು ಸಾಲು ಸಾಕು. ತಮ್ಮ ಪೇಪರನ್ನು ಓದಲು ಯಾರೋ ಕೇಳಿದರು ಎಂದರೆ ಸಂಶೋಧಕರಿಗೆ ಖುಷಿಯೇ ಆಗುತ್ತದೆ.

ನಕಲಿಗಳನ್ನು ಸೋಸುವುದು

ಹಣ ಕೊಟ್ಟರೆ ನಾಲ್ಕು ದಿನದಲ್ಲಿ ಏನನ್ನಾದರೂ ಅಚ್ಚು ಹಾಕುವ ಜರ್ನಲ್‌ಗಳು ಮೂರೂ ಕ್ಷೇತ್ರದಲ್ಲಿವೆ. ಯುಜಿಸಿ ನಡೆಸುತ್ತಿದ್ದ, ಕೇರ್ ಎಂಬ ಒಪ್ಪಿತ ಜರ್ನಲ್‌ಗಳ ಪಟ್ಟಿ ನೋಡಿ ನಿರ್ಧರಿಸುವ ರೂಢಿಯಿತ್ತು. 2025ರ ಫೆಬ್ರವರಿಯಲ್ಲಿ ಆ ಪಟ್ಟಿಯನ್ನೇ ಕೈಬಿಡಲಾಯಿತು. ಈಗ ನೀವೇ ನೋಡಬೇಕು. ಒಂದೇ ಜರ್ನಲ್ ಹೃದ್ರೋಗ, ಕಾಂಕ್ರೀಟು, ಜ್ಯೋತಿಷ್ಯ ಎಲ್ಲವನ್ನೂ ಪ್ರಕಟಿಸುತ್ತಿದ್ದರೆ ದೂರವಿರಿ.

ಎಐ ಚಾಟ್‌ಬಾಟ್ ಕೊಟ್ಟ ಉಲ್ಲೇಖಗಳನ್ನಂತೂ ಒಂದೊಂದಾಗಿ ತೆರೆದು ನೋಡದೆ ಬಳಸಬೇಡಿ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಕಟ್ಟಿಕೊಟ್ಟ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿ 5 ಸಾವಿರ ಡಾಲರ್ ದಂಡ ತೆತ್ತರು. ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ 2024ರ ಡಿಸೆಂಬರ್‌ನ ಆದೇಶವೊಂದರಲ್ಲೂ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳು ನುಸುಳಿದ್ದು ಗೊತ್ತಾಗಿ ಆದೇಶವನ್ನು ಹಿಂತೆಗೆದುಕೊಳ್ಳಬೇಕಾಯಿತು. ಪರೀಕ್ಷಿಸುವ ದಾರಿ ಸುಲಭ. ವೈದ್ಯಕೀಯ, ಎಂಜಿನಿಯರಿಂಗ್ ಪೇಪರಾದರೆ 10 ಎಂದು ಶುರುವಾಗುವ ಡಿಒಐ ಸಂಖ್ಯೆಯನ್ನು, ಅಂದರೆ ಪೇಪರಿಗೆ ಕೊಟ್ಟ ಕಾಯಂ ಗುರುತುಸಂಖ್ಯೆಯನ್ನು, ಡಿಒಐ ತಾಣದಲ್ಲಿ ಹಾಕಿ, ಅದೇ ಪೇಪರ್ ತೆರೆದುಕೊಳ್ಳಬೇಕು. ತೀರ್ಪಾದರೆ ಇ-ಎಸ್‌ಸಿಆರ್‌ನಲ್ಲೋ ಆಯಾ ಹೈಕೋರ್ಟಿನ ತಾಣದಲ್ಲೋ ಸಂಖ್ಯೆ ಹಾಕಿ ಪೂರ್ತಿ ಪಠ್ಯ ತೆಗೆಯಿರಿ. ಮಾನಕವಾದರೆ ಸಂಖ್ಯೆಯ ಮುಂದಿನ ವರ್ಷ ನೋಡಿ, ಅದಾದ ಮೇಲೆ ತಿದ್ದುಪಡಿ ಬಂದಿದೆಯೇ ಎಂದು ಬಿಐಎಸ್ ತಾಣದಲ್ಲಿ ತಾಳೆ ಹಾಕಿ.

ಟಿಪ್ಪಣಿ ಬರೆದುಕೊಳ್ಳುವಾಗ ಪೇಪರಿನ ಡಿಒಐ ಮತ್ತು ಕೋಷ್ಟಕದ ಸಂಖ್ಯೆ, ತೀರ್ಪಿನ ಪ್ಯಾರಾ ಸಂಖ್ಯೆ ಮತ್ತು ಪೀಠದ ಬಲ, ಮಾನಕದ ವರ್ಷ ಮತ್ತು ಕಲಂ, ಜೊತೆಗೆ ನೀವು ನೋಡಿದ ತಾರೀಖು, ಇಷ್ಟನ್ನು ಅಲ್ಲೇ ಬರೆದಿಡಿ. ಆರು ತಿಂಗಳ ನಂತರ ಯಾರಾದರೂ "ಎಲ್ಲಿದೆ ತೋರಿಸಿ" ಎಂದರೆ ಮತ್ತೆ ಮೊದಲಿನಿಂದ ಹುಡುಕುವ ಕೆಲಸ ತಪ್ಪುತ್ತದೆ.